ಬಿಷಪ್ಪನ ಹೆಬ್ಬಾತುಗಳು

ಹಿಂದೊಂದು ಕಾಲದಲ್ಲಿ ಜರ್ಮನಿಯ ಸ್ಪೈಯರ್ ಊರಿನ ಯೆಹೂದಿ ಕೇರಿಯಲ್ಲಿ ಬೆಲ್ಲಿನ್ ಎಂಬ ಹೆಂಗಸಿದ್ದಳು. ಹೆಸರು ಕೇಳಿ ಬೆಲ್ಲ ನೆನಪಾದರೆ ಅದು ಕೇಳಿದವರ ತಪ್ಪು. ಹೆಬ್ಬಾತು ಸಾಕುವುದು, ಕೊಬ್ಬಿಸುವುದು, ಆ ಕೊಬ್ಬು ಕರಗಿಸಿ ಮಾರುವುದು ಅವಳ ಕಸುಬು. ತಲೆತುಂಬ ಪುಕ್ಕ, ಕೈತುಂಬ ಜಿಡ್ಡು, ಬಾಯಿ ಮಾತ್ರ ಕರಿಮೆಣಸು. ಗಂಡ ಅನ್ಶೆಲ್ ಚರ್ಮ ಹದ ಮಾಡುವವನು. ಅವನು ಆಡಿದ ಮಾತನ್ನೆಲ್ಲ ಗುಡ್ಡೆ ಹಾಕಿದರೆ ಅದರಲ್ಲಿ ಮುಕ್ಕಾಲು ಪಾಲು ಬರೀ 'ಹೂಂ' ಸಿಗುತ್ತಿತ್ತು.

ಆ ಕೇರಿಯಲ್ಲಿ ಹಳೆಯದೊಂದು ಹಕ್ಕಿತ್ತು. ಯಾರಿಗಾದರೂ ಅನ್ಯಾಯವಾಗಿ, ಹಿರಿಯರು ಕಿವಿಗೆ ಹಾಕಿಕೊಳ್ಳದಿದ್ದರೆ, ಅವರು ನೇರ ಪ್ರಾರ್ಥನಾ ಮಂದಿರಕ್ಕೆ ಹೋಗಿ, ಪೂಜೆಯ ನಡುವೆ ಎದ್ದು ನಿಂತು "ಅನಿ ಕೋವೆಲ್" ಎನ್ನಬಹುದಿತ್ತು. ಹೀಬ್ರೂ ಮಾತು. ನನ್ನದೊಂದು ದೂರಿದೆ ಎಂದರ್ಥ. ಅಷ್ಟು ಅಂದರೆ ಮುಗಿಯಿತು, ದೂರು ಇತ್ಯರ್ಥವಾಗುವ ತನಕ ಪ್ರಾರ್ಥನೆ ಬಂದ್. ದೇವರೂ ಕಾಯಬೇಕು. ಮನೆಯಲ್ಲಿ ಸಬ್ಬತ್ತಿನ ಊಟ ಕಾಯುತ್ತಿರುವ ಜನ ಎಷ್ಟು ಹೊತ್ತು ಕೂತಾರು? ನ್ಯಾಯ ಬೇಗ ಸಿಗುತ್ತಿತ್ತು.

ಈ ಹಕ್ಕನ್ನು ಬೆಲ್ಲಿನ್‌ಳಷ್ಟು ಬಳಸಿದವರಿಲ್ಲ. ಬಾವಿಯ ಪಕ್ಕ ಪಾಯಿಖಾನೆ ಕಟ್ಟಿದವನ ಮೇಲೆ ದೂರು ಕೊಟ್ಟು ಗೆದ್ದಳು. ಪ್ರಾರ್ಥನೆ ಹಾಡುವವನು ಮೂಗಿನಲ್ಲಿ ಹಾಡುತ್ತಾನೆ ಎಂದೂ ಒಮ್ಮೆ ಎದ್ದು ನಿಂತಳು.

"ಇದು ಅನ್ಯಾಯ ಹೆಂಗಾಗುತ್ತಮ್ಮ?" ಎಂದರು ಕೇರಿಯ ಗುರು ರಬ್ಬಿ.

"ಕಿವಿ ನಂದಲ್ವಾ, ರಬ್ಬಿ?"

ಅದೊಂದರಲ್ಲಿ ಸೋತಳು.

ಗೋಡೆಯಾಚೆ ಮೆಟ್ಸೆ ಎಂಬ ಕ್ರೈಸ್ತ ವಿಧವೆ. ಹೆಬ್ಬಾತುಗಳು ಇಬ್ಬರಿಗೂ ಸೇರಿದವು. ಶನಿವಾರ ಸಬ್ಬತ್ತು, ಬೆಲ್ಲಿನ್ ಕೆಲಸ ಮುಟ್ಟುವಂತಿಲ್ಲ. ಭಾನುವಾರ ಮೆಟ್ಸೆ ಚರ್ಚಿಗೆ ಹೋಗಬೇಕು. ಹಾಗಾಗಿ ಮೊದಲೇ ಮಾತಾಗಿತ್ತು: ಶನಿವಾರ ಅಷ್ಟೂ ಬಾತು ಮೆಟ್ಸೆಯವು, ಭಾನುವಾರ ಅಷ್ಟೂ ಬೆಲ್ಲಿನ್‌ಳವು, ಉಳಿದ ದಿನ ಸಮಪಾಲು. ಕೊಯ್ದ ಬಾತಿನ ಒಳಗೆ ಹುಣ್ಣೋ ತೂತೋ ಕಂಡು ಯೆಹೂದಿಗಳಿಗೆ ನಿಷಿದ್ಧವಾದರೆ, ಅದನ್ನು ಮೆಟ್ಸೆ ತನ್ನವರಿಗೆ ಮಾರುತ್ತಿದ್ದಳು. ಈ ಪಾಲುದಾರಿಕೆಯನ್ನು ರಬ್ಬಿಯೂ ಬೈದರು, ಪಾದ್ರಿಯೂ ಬೈದ. ಇಬ್ಬರೂ ಒಂದೇ ಮಾತಿಗೆ ಬಂದದ್ದು ಆ ಊರಲ್ಲಿ ಅದೊಂದೇ ಸಲ.

ಒಂದು ಶರತ್ಕಾಲದಲ್ಲಿ ಪಾದ್ರಿ ಹಳ್ಳದ ದಾರಿಯ ಗೇಟಿಗೆ ಬೀಗ ಜಡಿದ. ಚರ್ಚಿನ ಬಗಲಲ್ಲೇ ಇದ್ದ ಆ ಗೇಟು ದಾಟಿಯೇ ಬಾತುಗಳು ನೀರಿಗೆ ಹೋಗಬೇಕು. ಹೋಗುವಾಗ ಮೆಟ್ಟಿಲ ಮೇಲೆ ಹಿಕ್ಕೆ ಹಾಕುತ್ತವೆ ಎಂಬುದು ಅವನ ತಕರಾರು. ಹಾಕುತ್ತಿದ್ದದ್ದು ನಿಜವೇ. ಆದರೆ ನೀರಿಲ್ಲದ ಹೆಬ್ಬಾತು ತಿನ್ನುವುದನ್ನು ಬಿಡುತ್ತದೆ, ಸೊರಗುತ್ತದೆ. ಸಂತ ಮಾರ್ಟಿನ್ನನ ಹಬ್ಬಕ್ಕೆ ಕ್ರೈಸ್ತರಿಗೆ ಬಾತು ಬೇಕು, ಹನುಕ್ಕಾ ಹಬ್ಬಕ್ಕೆ ಯೆಹೂದಿಗಳಿಗೆ ಕೊಬ್ಬು ಬೇಕು. ಗೇಟು ತೆಗೆಯದಿದ್ದರೆ ಇಬ್ಬರ ಒಲೆಯೂ ಚಳಿಗಾಲವಿಡೀ ತಣ್ಣಗೆ.

"ಕಾಲಿಗೆ ಬಿದ್ದೆ ಕಣೆ," ಎಂದಳು ಮೆಟ್ಸೆ. "ಮೊದಲು ಮೆಟ್ಟಿಲು ತೊಳಿ ಅಂದ. ತೊಳದೆ. ಆಮೇಲೂ ತೆಗೀಲಿಲ್ಲ."

"ನಮ್ಮಲ್ಲಾಗಿದ್ರೆ ಪ್ರಾರ್ಥನೆ ನಿಲ್ಲಿಸ್ತಿದ್ವಿ."

"ನಿಲ್ಲಿಸೋದು ಅಂದ್ರೆ?"

ಬೆಲ್ಲಿನ್ ವಿವರಿಸಿದಳು. ಮೆಟ್ಸೆಯ ಕಣ್ಣು ಅರಳಿತು.

"ನಂಗೂ ಆ ಮಾತು ಹೇಳಿಕೊಡು."

"ನೀನು ಜರ್ಮನ್‌ನಲ್ಲೇ ಕೂಗೇ. ಹೀಬ್ರೂ ನಿಂಗ್ಯಾಕೆ?"

"ತಿಳಿಯೋ ಮಾತಾಡಿದ್ರೆ ಬಾಯ್ಮುಚ್ಚು ಅಂತಾನೆ. ಅವನು ಲ್ಯಾಟಿನ್ ಹೇಳೋದು ಯಾಕೆ ಅಂದ್ಕೊಂಡೆ? ಯಾರಿಗೂ ತಿಳಿಯಲ್ಲ, ಅದಕ್ಕೇ ಎಲ್ರೂ ಹೆದರ್ತಾರೆ. ನಂಗೂ ತಿಳಿಯದೇ ಇರೋದೇ ಬೇಕು."

ಬೆಲ್ಲಿನ್‌ಗೆ ಇದು ಸರಿಯೆನಿಸಿತು. ಹೇಳಿಕೊಟ್ಟಳು. ಮೆಟ್ಸೆ ವಾರವಿಡೀ ದೊಡ್ಡಿಯಲ್ಲಿ ಬಾತುಗಳಿಗೆ ಕಾಳು ಚೆಲ್ಲುತ್ತಲೇ "ಅನಿ ಕೋವೆಲ್, ಅನಿ ಕೋವೆಲ್" ಎಂದು ಗಂಟಲು ಹರಿಯುವಂತೆ ಅಭ್ಯಾಸ ಮಾಡಿದಳು. ಅನ್ಶೆಲ್ ಕಿಟಕಿಯಿಂದ ನೋಡಿ "ಹೂಂ" ಎಂದ. ಆ ಹೂಂನಲ್ಲಿ ಎಚ್ಚರಿಕೆಯಿತ್ತೆಂದು ಬೆಲ್ಲಿನ್ ಆಮೇಲೆ ಹೇಳುತ್ತಿದ್ದಳು.

ಭಾನುವಾರ ಬಂತು. ಬೆಲ್ಲಿನ್ ದೊಡ್ಡಿಯ ಬಾಗಿಲು ತೆರೆದು ಕಾಳಿನ ಬಕೆಟ್ ಹಿಡಿದು ನಿಂತಿದ್ದಳು. ಓಣಿಯಾಚೆ ಚರ್ಚಿನ ಬಾಗಿಲು ತೆರೆದೇ ಇತ್ತು. ಒಳಗಿಂದ ಮೆಟ್ಸೆಯ ಗಂಟಲು ಕೇಳಿತು.

"ಅನಿ ಕೋವೆಲ್!"

ಆಮೇಲೆ ಇಡೀ ಚರ್ಚು ಒಂದೇ ದನಿಯಲ್ಲಿ "ಆಮೆನ್" ಎಂದಿತು.

ಲ್ಯಾಟಿನ್ ಎಂದುಕೊಂಡಿದ್ದರು. ಮೆಟ್ಸೆ ಮತ್ತೆ ಕೂಗಿದಳು. ಜನ ಮತ್ತೆ ಆಮೆನ್ ಎಂದರು, ಈ ಸಲ ಮಂಡಿಯೂರಿ. ಪ್ರಾರ್ಥನೆ ನಿಲ್ಲುವ ಬದಲು ಹುರುಪು ಹತ್ತಿ ಓಡತೊಡಗಿತ್ತು. ಬೆಲ್ಲಿನ್‌ಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ತಿರುಗಿ ನೋಡಿದರೆ, ಬಾತುಗಳೆಲ್ಲ ಕತ್ತು ನೆಟ್ಟಗೆ ಎತ್ತಿ ನಿಂತಿವೆ.

ವಾರವಿಡೀ ಅವು ಕಲಿತದ್ದೂ ಅದನ್ನೇ. ಅನಿ ಕೋವೆಲ್ ಎಂದರೆ ಊಟ.

ಮೆಟ್ಸೆ ಇನ್ನೊಮ್ಮೆ ಕೂಗಿದ್ದೇ ತಡ, ಇಡೀ ಹಿಂಡು ರೆಕ್ಕೆ ಬಿಚ್ಚಿ ಓಣಿ ದಾಟಿ, ಮೆಟ್ಟಿಲೇರಿ, ಮಾಮೂಲಿನಂತೆ ಅಲ್ಲಿ ಹಿಕ್ಕೆ ಹಾಕಿ, ಚರ್ಚಿನೊಳಗೆ ನುಗ್ಗಿತು. ಪ್ರಾರ್ಥನೆ ಆಗ ನಿಂತಿತು.

ಬೆಲ್ಲಿನ್ ಓಡಿಬಂದು ಮೆಟ್ಟಿಲ ಕೆಳಗೆ ನಿಂತಳು. ನಗು ಎತ್ತಲೋ ಹೋಗಿತ್ತು. ಅವಳು ಒಳಗೆ ಹೋಗುವಂತಿಲ್ಲ, ಬಿಟ್ಟು ಓಡುವಂತೆಯೂ ಇಲ್ಲ. ಯೆಹೂದಿ ಹೆಂಗಸು ಪೂಜೆ ಕೆಡಿಸಲು ಬಾತು ಛೂ ಬಿಟ್ಟಳು ಎಂದು ಒಬ್ಬ ಬಾಯಿ ಬಿಟ್ಟರೆ ಸಾಕಿತ್ತು. ಇದಕ್ಕಿಂತ ಸಣ್ಣ ಮಾತಿಗೆ ಬೇರೆ ಊರುಗಳಲ್ಲಿ ಕೇರಿಗಳಿಗೇ ಬೆಂಕಿ ಬಿದ್ದಿತ್ತು.

ಪಾದ್ರಿ ಹೊರಬಂದ. ಒಂದು ಬಾತು ಅವನ ನಿಲುವಂಗಿಯ ಅಂಚು ಕಚ್ಚಿಕೊಂಡೇ ಬಂತು. ಹಿಂದೆ ಜನ, ಜನರ ನಡುವೆ ಮೆಟ್ಸೆ.

"ಯಾರವು ಇವು?"

"ನನ್ನವು ಸ್ವಾಮಿ," ಎಂದಳು ಮೆಟ್ಸೆ, ಗೆಳತಿಯ ಕಡೆ ನೋಡದೆ.

"ಹಾಗಾದ್ರೆ ಅಷ್ಟೂ ಚರ್ಚಿಗೆ ಮುಟ್ಟುಗೋಲು. ಒಂದೂ ಬಿಡಬೇಡಿ, ಹಿಡೀರಿ."

ಬೆಲ್ಲಿನ್ ಬಾತುಗಳನ್ನು ನೋಡಿದಳು, ಮೆಟ್ಸೆಯನ್ನು ನೋಡಿದಳು. ಬಾಯಿ ತಾನಾಗಿ ತೆರೆಯಿತು.

"ಇವತ್ತು ಭಾನುವಾರ ಸ್ವಾಮಿ. ಇವತ್ತು ಅವು ನನ್ನವು. ಬೇಕಾದ್ರೆ ಊರನ್ನೇ ಕೇಳಿ."

ಊರಿಗೆಲ್ಲ ಗೊತ್ತಿದ್ದದ್ದೇ. ಜನ ಗುಜುಗುಜು ಶುರುಮಾಡಿದರು. ಪಾದ್ರಿಯ ಮುಖ ಹಬ್ಬದಂತಾಯಿತು.

"ಓ. ಯೆಹೂದಿ ಬಾತುಗಳು."

ಬೆಲ್ಲಿನ್ ಬಕೆಟ್ ಎದೆಗವಚಿಕೊಂಡಳು. ಬಕೆಟ್ಟಿನ ಕಾಳು ಗಲಗಲ ಎನ್ನುತ್ತಿತ್ತು.

"ಒಂದು ಮಾತು ಸ್ವಾಮಿ. ನಾವು ಯೆಹೂದಿಗಳು ಯಾರ ಸೊತ್ತು? ನೀವೇ ಹೇಳ್ತಿರ್ತೀರಲ್ಲ ಹಬ್ಬಹಬ್ಬಕ್ಕೂ."

"ಊರನ್ನಾಳೋ ಬಿಷಪ್ಪರ ಸೊತ್ತು," ಎಂದ ಪಾದ್ರಿ, ಜೋರಾಗಿಯೇ. ಅವನಿಗೆ ಇಷ್ಟವಾದ ಮಾತದು. "ನೀನೂ ನಿನ್ನ ಗಂಡನೂ ಮೈಮೇಲಿನ ಬಟ್ಟೆಯೂ."

"ನನ್ನ ಬಾತು?"

ಬಾತಿನ ಕತ್ತು ಹಿಡಿದಿದ್ದವನೊಬ್ಬ ಮೆಲ್ಲನೆ ಕೈಬಿಟ್ಟು, ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಅಯ್ಯೋ, ಬಿಷಪ್ಪರ ಬಾತಿಗೆ ನೀರು ಕುಡಿಸದೆ ಇಟ್ಟಿದ್ದಾರಲ್ಲಪ್ಪ," ಎಂದು ಮೆಟ್ಸೆ ಯಾರಿಗೂ ಅಲ್ಲವೆಂಬಂತೆ ಹೇಳಿದಳು. "ಸೊರಗಿ ಸತ್ರೆ ಯಾರ ತಲೆ ಮೇಲೆ ಬರುತ್ತೋ."

"ನೀರು ಕುಡಿಸಬೇಡಿ ಅಂತ ನಾನು ಹೇಳಿದ್ನಾ?" ಎಂದ ಪಾದ್ರಿ.

ಬೀಗದ ಕೈ ಅವನ ಸೊಂಟದಲ್ಲೇ ಇತ್ತು. ಹೋಗಿ ತಾನೇ ಗೇಟು ತೆಗೆದ. ಬೆಲ್ಲಿನ್ ಮುಂದೆ ನಡೆದಳು, ಬಾತುಗಳು ಹಿಂದೆ ಹೊರಟವು. ನಿಲುವಂಗಿ ಕಚ್ಚಿದ್ದ ಬಾತು ಮಾತ್ರ ಬಿಡಲೊಲ್ಲದ್ದರಿಂದ, ಪಾದ್ರಿಯೂ ಹಳ್ಳದ ಅರ್ಧ ದಾರಿ ಜೊತೆಗೆ ಹೋಗಬೇಕಾಯಿತು. ಬಿಷಪ್ಪನ ಬಾತಿಗೆ ಹೊಡೆಯುವುದು ಹೇಗೆ?

ಮೆಟ್ಟಿಲು ತೊಳೆಯುವ ಕೆಲಸ ಗೆಳತಿಯರಿಬ್ಬರೂ ಹಂಚಿಕೊಂಡರು, ಶನಿವಾರ ಒಬ್ಬಳು, ಭಾನುವಾರ ಇನ್ನೊಬ್ಬಳು. ಗೇಟಿಗೆ ಮತ್ತೆ ಬೀಗ ಬೀಳಲಿಲ್ಲ. ಸಂತ ಮಾರ್ಟಿನ್ನನ ಹಬ್ಬದ ಹಿಂದಿನ ಭಾನುವಾರ, ಜನ ಚದುರಿದ ಮೇಲೆ, ಪಾದ್ರಿ ದೊಡ್ಡಿಯ ಬಾಗಿಲಿಗೆ ಬಂದ. ಕೊಬ್ಬಿದ ಬಾತುಗಳನ್ನು ಕಣ್ಣಲ್ಲೇ ತೂಗಿದ.

"ಒಂದು ದಪ್ಪನಾದ್ದು ಸಿಗುತ್ತೇನಮ್ಮ?"

"ಇವತ್ತು ಬಿಷಪ್ಪರನ್ನ ಕೇಳ್ಬೇಕಾಗುತ್ತೆ ಸ್ವಾಮಿ," ಎಂದಳು ಬೆಲ್ಲಿನ್, ಕಾಳು ಚೆಲ್ಲುತ್ತ. "ಶನಿವಾರ ಬನ್ನಿ. ಅವತ್ತು ಮೆಟ್ಸೆಯವು."