ಅತ್ತೆ ಅರ್ಧಕ್ಕೆ ಬಿಟ್ಟ ಇಸ್ಪೀಟಾಟ

ಮಗಳ ಕಾಟ ತಡೆಯಲಾರದೆ ಮೊನ್ನೆ ಭಾನುವಾರ ನಮ್ಮ ಲಿನಕ್ಸ್ ಕಂಪ್ಯೂಟರ್‌ಗೆ ಒಬ್ಬರೇ ಆಡುವ ಇಸ್ಪೀಟಾಟವನ್ನು ಮತ್ತೆ ಹಾಕಿದೆ. ತೆರೆದು ನೋಡಿದೆ. ಹೊಸದಾಗಿ ಹಂಚಿದ ಎಲೆಗಳ ಬದಲು ಯಾರೋ ಅರ್ಧ ಆಡಿ ಬಿಟ್ಟ ಆಟ ಅಲ್ಲಿತ್ತು. ಯಾರೋ ಏನು, ನಮ್ಮ ಅತ್ತೆಯೇ. ಅವರು ತೀರಿಕೊಂಡು ವರ್ಷವಾಯಿತು.

ಜವಳಗಿರಿಯಿಂದ ಹೊಸೂರಿಗೆ ನಮ್ಮ ಜೊತೆ ಇರಲು ಬಂದವರಿಗೆ ಈ ಆಟ ಕಲಿಸಿದ್ದೇ ನಾನು. ಆಮೇಲೆ ನಾನು ಕೆಲಸಕ್ಕೆ ಕೂರುವ ಹೊತ್ತಾದರೂ ಅವರು ಕುರ್ಚಿ ಬಿಡುತ್ತಿರಲಿಲ್ಲ. ಒಂದು ದಿನ ಸಿಟ್ಟಿನಲ್ಲಿ ಆಟವನ್ನೇ ತೆಗೆದುಹಾಕಿದೆ.

"ನನ್ನಾಟ ಎಲ್ಲೋಯ್ತಮ್ಮೀ?" ಎಂದು ಕೇಳಿದರು. ಕಂಪ್ಯೂಟರ್‌ನಲ್ಲಿ ಜಾಗ ಸಾಲಲಿಲ್ಲವೆಂದು ಸುಳ್ಳು ಹೇಳಿದೆ.

"ಓಗ್ಲಿ ಬುಡು, ಅವರೆಕಾಯಾದ್ರೂ ಸುಲೀತೀನಿ" ಎಂದು ಎದ್ದು ಹೋದರು. ಮತ್ತೆ ಕೇಳಲೇ ಇಲ್ಲ.

ಆಟವನ್ನು ತೆಗೆದರೂ ಆಡಿದ್ದು ಒಳಗೆ ಉಳಿದಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಮಗಳು ಹೊಸ ಆಟ ಶುರುಮಾಡಲು ಮೌಸ್‌ಗೆ ಕೈ ಹಾಕಿದಳು. ಗದರಿಬಿಟ್ಟೆ.

ಕೆಂಪು ರಾಣಿಯ ಮೇಲೆ ಕರಿ ಗುಲಾಮನನ್ನು ಇಟ್ಟರೆ ಆ ಆಟ ಮುಂದಕ್ಕೆ ಹೋಗುತ್ತದೆ. ನನಗೂ ಅದು ಕಾಣುತ್ತದೆ, ಇಡಲು ಮಾತ್ರ ಕೈ ಬರುವುದಿಲ್ಲ. ದಿನಾ ಒಂದಷ್ಟು ಹೊತ್ತು ನೋಡಿ, ಕುರ್ಚಿ ಬಿಟ್ಟು ಏಳುತ್ತೇನೆ.