ಎರಡನೇ ಸೂಜಿಯ ಲೆಕ್ಕ

ಅತ್ತಿಬೆಲೆಯ ಕಾರ್ಖಾನೆಗಳ ಹಿಂದೆ, ಕಾಂಪೌಂಡ್ ಗೋಡೆಗೆ ತಾಗಿಕೊಂಡೇ ನಮ್ಮ ಕೊಟ್ಟಿಗೆ. ಅಕ್ಕನೂ ನಾನೂ ಅಲ್ಲಿ ಸೀಮೆಹಸು ಸಾಕುತ್ತೇವೆ. ಗಬ್ಬದ ಹಸುವನ್ನು ಯಾವಾಗ ಮಾರಬೇಕು ಎಂಬುದರಲ್ಲಿ ನಮಗಿಬ್ಬರಿಗೂ ಎಂದೂ ಹೊಂದಿಲ್ಲ. ಏಳು ತಿಂಗಳಿಗೇ ಕಳಿಸಬೇಕು, ಅದು ತಪ್ಪಿದರೆ ಇಲ್ಲೇ ಕರು ಹಾಕಲಿ ಎನ್ನುತ್ತಾಳೆ ಅಕ್ಕ. ಕೆಚ್ಚಲು ತುಂಬಿದ ಮೇಲೆಯೇ ಒಳ್ಳೆಯ ಬೆಲೆ ಎನ್ನುತ್ತೇನೆ ನಾನು. ಕರು ಹಾಕುವವರೆಗೂ ಕಾದು, ಅದು ಗಂಡಾದರೆ ಕೊಳ್ಳುವವನು ಮುಖ ತಿರುಗಿಸುತ್ತಾನೆ.

ಆ ಕಪ್ಪು ಹಸು ಅಕ್ಕನೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು. ಗಬ್ಬ ಕಟ್ಟಲೆಂದು ಸೂಜಿ ಹಾಕಿಸಿದ ಮೇಲೂ ಬೆದೆಗೆ ಬಂದಂತೆ ಕೂಗಿತು. ಮುಂದಿನ ತಿಂಗಳು ಇನ್ನೊಂದು ಸೂಜಿ ಹಾಕಿಸಿದೆವು. ನಾನು ಎರಡನೆಯದರಿಂದಲೇ ಲೆಕ್ಕ ಹಿಡಿದೆ. ಹಾಗೆ ಹಿಡಿದರೆ, ಕೆಚ್ಚಲು ತುಂಬಿದಾಗ ಅದಕ್ಕೆ ಎಂಟೇ ತಿಂಗಳು, ಕರು ಹಾಕಲು ಇನ್ನೂ ಒಂದು ತಿಂಗಳಿತ್ತು.

"ಲೇ, ಬಾಲದ ಬುಡ ನೋಡು, ಹಳ್ಳ ಬಿದ್ದೈತೆ, ಇವತ್ತೋ ನಾಳೆಯೋ ಕರು ಹಾಕ್ತದೆ. ಮೊದ್ಲನೇ ಸೂಜಿಗೇ ನಿಂತಿರೋದು ಕಣೋ. ಇನ್ನು ಗಾಡಿ ಹತ್ತಿಸ್ಬ್ಯಾಡ."

"ಯಾಕಕ್ಕ, ಒಟ್ಟೆ ಒಳಗೋಗಿ ನೋಡ್ಕೊಂಡ್ ಬಂದ್ಯಾ?"

ಅಕ್ಕ ನಗಲಿಲ್ಲ.

ಅವಳು ಡೇರಿಗೆ ಹಾಲು ಹಾಕಲು ಹೋಗಿದ್ದಾಗ ವ್ಯಾಪಾರಿ ಟೆಂಪೊ ತಂದ. ಕೆಚ್ಚಲು ಮುಟ್ಟಿ ನೋಡಿದ.

"ಎಷ್ಟು ತಿಂಗ್ಳಣ್ಣ? ಹೊಸೂರು ದಾಟಿ ಹೋಗ್ಬೇಕು ನಾನು. ದಾರೀಲಿ ಕರು ಹಾಕ್ಬಿಟ್ರೆ ಗತಿಯೇನು?"

"ಎಂಟು. ಟೈಮೈತೆ ಗುರು, ಎದುರ್ಕೋಬ್ಯಾಡ."

ಹಾಗೆನ್ನುವಾಗ ನನ್ನ ಕೈ ಹಸುವಿನ ಬಾಲದ ಬುಡದ ಮೇಲೆಯೇ ಇತ್ತು. ಅಲ್ಲಿ ಬಿಗಿಯೇ ಇರಲಿಲ್ಲ, ಬೆರಳು ಒಳಕ್ಕೆ ಹೋಗುತ್ತಿತ್ತು. ಹಸು ಹಲಗೆ ಹತ್ತಲೊಲ್ಲದೆ ಕೊಟ್ಟಿಗೆಯ ಕಡೆಗೇ ತಿರುಗುತ್ತಿತ್ತು. ಬಾಲ ತಿರುಚಿ ಹತ್ತಿಸಿದವನು ನಾನೇ.

ಗಡಿ ದಾಟುವ ಮೊದಲೇ, ಹಸುವಿಗೆ ನೋವು ಶುರುವಾಗಿದೆ ಎಂದು ವ್ಯಾಪಾರಿಯ ಫೋನ್ ಬಂತು. ಅಕ್ಕನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಲಾರಿಗಳ ಸಾಲಿನ ನಡುವೆ ಟೆಂಪೊ ಸಿಕ್ಕಿಕೊಂಡಿತ್ತು. ವ್ಯಾಪಾರಿ ಡಾಕ್ಟರನ್ನು ಹುಡುಕಿಕೊಂಡು ಹೋಗಿದ್ದ. ಕರುವಿನ ಒಂದು ಕಾಲು ಮಾತ್ರ ಹೊರಗಿತ್ತು. ಅಕ್ಕ ಸೀರೆ ಎತ್ತಿ ಕಟ್ಟಿ, ಮೊಣಕೈವರೆಗೂ ಕೈ ಹಾಕಿ ಎಳೆದಳು. ಹೆಣ್ಣು ಕರು, ಉಸಿರಿರಲಿಲ್ಲ. ಹಸು ಒಮ್ಮೆ ತಲೆ ಎತ್ತಿ ಅದರ ಕಡೆ ನೋಡಿತು. ಮತ್ತೆ ಎತ್ತಲಿಲ್ಲ.

"ಅವ್ನಿಗೆ ದಿನ ತುಂಬೈತೆ ಅಂತ ಏಳಿದ್ಯೇನೋ?"

"ಏಳ್ದೆ ಕಣಕ್ಕ. ಏನಾಗಲ್ಲ ಅಂತ ಅವ್ನೇ ಅತ್ತಿಸ್ಕೊಂಡ."

ಅಕ್ಕ ನಂಬಿದಳು. ಆ ವ್ಯಾಪಾರಿಯನ್ನು ಈಗಲೂ ಪಾಪಿ ಎಂದೇ ಬಯ್ಯುತ್ತಾಳೆ. ನಾನು ಹುಲ್ಲು ಹಾಕುತ್ತಿರುತ್ತೇನೆ.

ಈಗ ಇನ್ನೊಂದು ಹಸುವಿನ ಕೆಚ್ಚಲು ತುಂಬುತ್ತಿದೆ. ಕೊಳ್ಳುವವರ ಫೋನ್ ಬಂದರೆ ಅಕ್ಕ ಅದನ್ನು ನನ್ನ ಕೈಗೇ ಕೊಡುತ್ತಾಳೆ. "ನೀನೇ ಮಾತಾಡು. ಆಗ ಆ ಪಾಪಿಗೆ ಏಳ್ದಂಗೆ, ಎಷ್ಟು ತಿಂಗ್ಳು ಅಂತ ಮೊದ್ಲೇ ಏಳ್ಬುಡು" ಎನ್ನುತ್ತಾಳೆ.