ಚಾಂದನಿಯ ಕಿವಿಯಿಂದ ತೆಗೆದ ಹತ್ತಿ

ನಮ್ಮ ಅಣ್ಣನ ಮದುವೆಯಲ್ಲಿ ಕುದುರೆ ಬೆದರಿದ್ದು ಅದರ ಹಣೆಯ ಮೇಲಿನ ಕೆಟ್ಟ ಸುಳಿಯಿಂದ ಎಂದು ನಮ್ಮೂರು ಇಂಡಿಯಲ್ಲಿ ಈಗಲೂ ಹೇಳುತ್ತಾರೆ. ಹಾಗಾದರೆ, ಅಷ್ಟು ವರ್ಷ ಅದೇ ಕುದುರೆ ಊರೂರಿನ ಮದುಮಕ್ಕಳನ್ನು ಹೊತ್ತು ತಿರುಗಿತಲ್ಲ, ಆಗ ಆ ಸುಳಿ ಏನು ಮಾಡುತ್ತಿತ್ತು? ಇದನ್ನು ಅಂದೇ ಕೇಳಬೇಕಿತ್ತು. ಕೇಳಲಿಲ್ಲ. ಏಕೆಂದರೆ ಕುದುರೆ ಬೆದರಿದ್ದು ನನ್ನಿಂದ.

ಕುದುರೆ ಕೊಲ್ಹಾರದ ದಸ್ತಗೀರ ಕಾಕಾನದು. ಬಿಳಿ ಹೆಣ್ಣುಕುದುರೆ, ಹೆಸರು ಚಾಂದನಿ. ಮದುಮಗ ಕುದುರೆ ಏರಿ ಹಣಮಪ್ಪನ ಗುಡಿಗೆ ಹೋಗಿಬಂದ ಮೇಲೆಯೇ ನಮ್ಮಲ್ಲಿ ಅಕ್ಷತೆ. ಬೆಳಿಗ್ಗೆ ನಮ್ಮ ಮನೆಯ ಮುಂದೆ ಕಾಕಾ ಅದಕ್ಕೆ ಗೆಜ್ಜೆ ಕಟ್ಟಿ, ಕಿವಿಗೆ ಜರಿಯ ಟೊಪ್ಪಿಗೆ ತೊಡಿಸುತ್ತ, "ನಮ್ಮ ಚಾಂದನಿ ಹಲಗಿ ತಾಳ ಹಿಡದು ಕುಣಿತೈತ್ರಿ" ಎಂದ.

"ತಾಳ ಕುದುರಿಗೆ ಗೊತ್ತೈತೋ, ಲಗಾಮು ಜಗ್ಗೋ ನಿಮ್ಮ ಕೈಗೆ ಗೊತ್ತೈತೋ, ಕಾಕಾ?" ಎಂದೆ.

"ಮದವಿ ಮನ್ಯಾಗ ನೀ ಮುಂಜಾನಿಂದ ಕುಣ್ಯಾಕತ್ತೀಯಲ್ಲ ತಂಗೆವ್ವಾ, ನಿನ್ನ ಲಗಾಮು ಯಾರ ಕೈಯಾಗೈತಿ?"

ಎಲ್ಲರೂ ನಕ್ಕರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸೋತು ಗೊತ್ತಿಲ್ಲದವಳು ನಾನು — ಆ ನಗು ನಾಟಿತು. ಕಾಕಾ ಚಹಾಕ್ಕೆ ಹೋದಾಗ ಟೊಪ್ಪಿಗೆ ಎತ್ತಿ ನೋಡಿದೆ. ಎರಡೂ ಕಿವಿಯಲ್ಲಿ ಹತ್ತಿ. ಕೇಳಿಸದ ಕುದುರೆ ಯಾವ ತಾಳ ಹಿಡಿಯುತ್ತದೆ? ಮೆರವಣಿಗೆ ಮುಗಿದ ಮೇಲೆ ಎಲ್ಲರೆದುರು ತೋರಿಸಬೇಕೆಂದು ಹತ್ತಿಯನ್ನು ಕಿತ್ತು ಪರ್ಸಿನಲ್ಲಿಟ್ಟುಕೊಂಡೆ. ಅದು ಡಿಜೆಯ ಅಬ್ಬರ ತಡೆಯಲು ಇಟ್ಟದ್ದೆಂದು ಹೊಳೆಯಲಿಲ್ಲ ಎನ್ನಲಾರೆ. ಹೊಳೆದಿತ್ತು — ಒಂದು ಕ್ಷಣ. ಆದರೆ ಗೆಲ್ಲಬೇಕಿತ್ತು...

ಬಜಾರಿನ ತಿರುವಿನಲ್ಲಿ ಡಿಜೆ ಶುರುವಾಯಿತು. ಚಾಂದನಿ ಮುಂಗಾಲೆತ್ತಿ ನಿಂತಿತು. ಕೆಳಗೆ ಬಿದ್ದ ಅಣ್ಣನ ಮೊಣಕೈ ತರಚಿತು, ಅಷ್ಟೇ. ಕುದುರೆ ಜನರ ಮೇಲೆ ನುಗ್ಗೀತೆಂದು ಕಾಕಾ ಮಾತ್ರ ಲಗಾಮು ಬಿಡಲಿಲ್ಲ. ಗಟಾರದ ಕಲ್ಲಿನವರೆಗೂ ಅದು ಅವನನ್ನು ಎಳೆದುಕೊಂಡು ಹೋಯಿತು. ಅವನ ಬಲಭುಜ ಮುರಿಯಿತು.

"ಹಣಿ ಮ್ಯಾಲಿನ ಸುಳಿ ನೋಡ್ರಿ," ಎಂದ ದೊಡ್ಡಪ್ಪ. "ಮನಿ ಮುರಿಯೋ ಕುದುರಿ ಇದು."

ಕಾಕಾ ಎಡಗೈಯಿಂದ ಚಾಂದನಿಯ ತಲೆ ಸವರಿದ. ಟೊಪ್ಪಿಗೆಯೊಳಗೆ ಬೆರಳು ಹಾಕಿ ಒಂದು ಕಿವಿ ನೋಡಿದ, ಇನ್ನೊಂದು ನೋಡಿದ. ಆಮೇಲೆ ಗುಂಪಿನಲ್ಲಿ ನನ್ನನ್ನು ಹುಡುಕಿದ.

"ತಂಗೆವ್ವಾ, ನೀ ಓದಿದಾಕಿ. ಸುಳಿಗಿಳಿ ಎಲ್ಲಾ ಸುಳ್ಳಂತ ನೀನರ ಹೇಳವಾ ಇವರಿಗೆ."

ಮೂಢನಂಬಿಕೆಯ ವಿರುದ್ಧ ಮಾತಾಡಿ ಕಪ್ ಗೆದ್ದವಳು ನಾನು. ಸುಳಿಯ ಮಾತನ್ನು ಎರಡೇ ವಾಕ್ಯದಲ್ಲಿ ಕೆಡವಬಹುದಿತ್ತು. ಕೆಡವಿದರೆ ಮುಂದಿನ ಪ್ರಶ್ನೆ ಬರುತ್ತಿತ್ತು — ಹಾಗಾದರೆ ಬೆದರಿದ್ದು ಯಾಕೆ?

"ಕುದುರಿ ವಿಷಯ ನನಗೇನ್ ಗೊತ್ತರಿ, ಕಾಕಾ," ಎಂದೆ.

ಸುದ್ದಿ ಸಿಂದಗಿ, ಬಾಗೇವಾಡಿ ದಾಟಿತು. ಆಮೇಲೆ ಚಾಂದನಿಯನ್ನು ಯಾವ ಮದುವೆಗೂ ಯಾರೂ ಕರೆಯಲಿಲ್ಲ. ಕಾಕಾ ಅದನ್ನು ಮಾರಿದನಂತೆ. ಯಾರಿಗೆ, ಈಗ ಎಲ್ಲಿದೆ — ವಿಚಾರಿಸುವ ಧೈರ್ಯ ನನಗಿರಲಿಲ್ಲ. ಹೋದ ತಿಂಗಳು ಬಸ್ಸಿನ ಕಿಟಕಿಯಿಂದ ಅವನನ್ನು ಕಂಡೆ. ಕೊಲ್ಹಾರದ ಸೇತುವೆಯ ಹತ್ತಿರ ಎಡಗೈಯಿಂದ ಮೀನು ತೂಗುತ್ತಿದ್ದ. ಇಳಿಯಲಿಲ್ಲ.

ನಿನ್ನೆ ಮನೆಯಲ್ಲಿ ಎಲ್ಲ ಹೇಳಿದೆ. "ಈಗ್ಯಾಕ ಅದು? ಬಿಡು," ಎಂದ ದೊಡ್ಡಪ್ಪ. ಬಿಡಲಾರೆ. ಸುಳಿಯ ಮಾತಾಡಿದ ಒಬ್ಬೊಬ್ಬರ ಮನೆಗೂ ಹೋಗಿ ಇದನ್ನೇ ಹೇಳುತ್ತೇನೆ. ಚಾಂದನಿ ತಿರುಗಿ ಬರುವುದಿಲ್ಲ, ಗೊತ್ತು.

ಆದರೆ ಕಾಕಾ, ನಿಮ್ಮನ್ನು ಒಂದು ಕೇಳಬೇಕು. ಎರಡೂ ಕಿವಿ ನೋಡಿದ ಮೇಲೆ, ಅಷ್ಟು ಜನರಲ್ಲಿ ನೀವು ಕರೆದದ್ದು ನನ್ನನ್ನೇ. ಅದು ಸಹಾಯಕ್ಕೋ — ಇಲ್ಲವೆ, ನಾನೇ ಒಪ್ಪಿಕೊಳ್ಳಲಿ ಎಂದು ದಾರಿ ಬಿಟ್ಟುಕೊಟ್ಟಿದ್ದಿರೋ?